ಊರಿನ ಹೆಸರು ಎರಡಕ್ಷರವಾದಾಗ

ಬೆಳಗಾವಿಯಿಂದ ಧಾರವಾಡಕ್ಕೆ ಹೋಗುವ ಹೆದ್ದಾರಿಯಲ್ಲಿ, ಕಿತ್ತೂರಿಗಿಂತ ಮೊದಲು ಎಂ.ಕೆ. ಹುಬ್ಬಳ್ಳಿ ಸಿಗುತ್ತದೆ. ಬಸ್ಸಿನ ಫಲಕದಲ್ಲಿ, ಲಕೋಟೆಯ ವಿಳಾಸದಲ್ಲಿ, ಜನರ ಬಾಯಲ್ಲಿ ಅದು ಎಂ.ಕೆ.ಯೇ. ಬಿಡಿಸಿ ಓದಿದರೆ ಮುಗುಟಖಾನ ಹುಬ್ಬಳ್ಳಿ. ಇದೇ ಊರಿನ ಬಳಿ, ಮಲಪ್ರಭೆಯ ಪಾತ್ರದಲ್ಲಿ, ಬಸವಣ್ಣನ ಮಡದಿ ಗಂಗಾಂಬಿಕೆಯ ಐಕ್ಯಸ್ಥಳವಿದೆ. ಒಬ್ಬ ಖಾನನ ಹೆಸರೂ ಒಬ್ಬ ಶರಣೆಯ ನೆನಪೂ ಒಂದೇ ನೆಲದಲ್ಲಿ ಕೂಡಿರುವ ಸಂಗತಿ ಆ ಎರಡು ಅಕ್ಷರಗಳಿಂದ ಹೊಸಬರಿಗೆ ಹೇಗೆ ತಿಳಿಯಬೇಕು?

ಹೆಸರು ಕುಗ್ಗಿದರೆ ಊರಿನೊಡನೆ ಮನುಷ್ಯನಿಗಿರುವ ನಂಟೂ ಕುಗ್ಗುತ್ತದೆಯೇ? ಇದು ಬರೀ ದಫ್ತರದ ಪ್ರಶ್ನೆಯಲ್ಲ, ಧರ್ಮದ ಪ್ರಶ್ನೆಯೂ ಹೌದು.

ಅಮೆರಿಕದಲ್ಲಿ ಪೂರ್ವಜರನ್ನು ಹುಡುಕುವವರು ಮೊಟಕಾದ ಹೆಸರಿನ ಈ ಕಷ್ಟವನ್ನು ಚೆನ್ನಾಗಿ ಬಲ್ಲರು. ಅಲ್ಲಿ 1790ರಿಂದ 1840ರವರೆಗಿನ ಜನಗಣತಿಯಲ್ಲಿ ಮನೆಯ ಯಜಮಾನನ ಹೆಸರಷ್ಟೇ ಇರುತ್ತಿತ್ತು. ಸ್ವತಂತ್ರರಾಗಿದ್ದ ಪ್ರತಿಯೊಬ್ಬರ ಹೆಸರನ್ನೂ ಹುಟ್ಟಿದ ರಾಜ್ಯವನ್ನೂ ಬರೆದುಕೊಂಡದ್ದು 1850ರಲ್ಲಿ. ಗಣತಿದಾರ ಅವಸರದಲ್ಲಿ ‘ಐ.ಎ.’ ಎಂದು ಗೀಚಿದ್ದರೆ ಅದು ಅಯೋವಾ ಆಗಿರಬಹುದು, ಇಂಡಿಯಾನಾ ಕೂಡ ಆಗಿರಬಹುದು. ಆ ಕಾಲದಲ್ಲಿ ಎರಡನ್ನೂ ಹಾಗೆ ಬರೆಯುವ ರೂಢಿಯಿತ್ತು. ಇದಕ್ಕಿಂತ ಘೋರವಾದದ್ದು ಇನ್ನೊಂದಿದೆ. 1850 ಮತ್ತು 1860ರಲ್ಲಿ ಗುಲಾಮರನ್ನು ಬೇರೆಯೇ ಪಟ್ಟಿಯಲ್ಲಿ, ಒಡೆಯನ ಹೆಸರಿನ ಕೆಳಗೆ, ವಯಸ್ಸು, ಲಿಂಗ, ಮೈಬಣ್ಣ ಹೇಳಿ ಎಣಿಸಿದರು. ಬಹುತೇಕ ಎಲ್ಲರೂ ಅಲ್ಲಿ ಹೆಸರಿಲ್ಲದವರು. ಹುಟ್ಟಿದ ಊರನ್ನು ಕೇಳುವ ಅಂಕಣವೇ ಆ ಪಟ್ಟಿಯಲ್ಲಿರಲಿಲ್ಲ. ಅವರ ಮೊಮ್ಮಕ್ಕಳ ಮುಂದೆ ಬಿಡಿಸಿ ಓದಲು ಒಂದು ಅಕ್ಷರವೂ ಉಳಿಯಲಿಲ್ಲ.

ಮತ್ತೆ ಬೆಳಗಾವಿಯ ಕಡೆಗೆ ಬಂದರೆ, ಸವದತ್ತಿ ಸೀಮೆಯ ತೊಡಕು ಬೇರೆ ಬಗೆಯದು. ಇಲ್ಲಿ ಹೆಸರುಗಳು ಒಂದರ ಮೇಲೊಂದು ಕೂತಿವೆ. ರಟ್ಟ ಅರಸರ ಶಾಸನಗಳಲ್ಲಿ ಸವದತ್ತಿಯೇ ಸುಗಂಧವರ್ತಿ. ಕೂಂಡಿ ಮೂರು ಸಾವಿರ ನಾಡಿನೊಳಗಿನ ಊರು. ಬ್ರಿಟಿಷರ ಕಾಗದಗಳಲ್ಲಿ ಸೌಂದತ್ತಿ, ಆದರೆ ತಾಲೂಕಿನ ಹೆಸರು ಪರಸಗಡ. ಬೈಲಹೊಂಗಲ ಸೀಮೆಯನ್ನು ಸಂಪಗಾಂವ ತಾಲೂಕಿನಲ್ಲಿ ಹುಡುಕಬೇಕು. ರಾಮದುರ್ಗ 1948ರವರೆಗೆ ಸಂಸ್ಥಾನವಾಗಿದ್ದರಿಂದ ಅದರ ದಫ್ತರವೇ ಬೇರೆ. ಇದರ ಮೇಲೆ ‘ಮು.ಪೋ.’, ‘ತಾ.’, ‘ಜಿ.’ ಎಂಬ ಗುರುತುಗಳು, ದೊಡ್ಡದೆಂಬ ಅರ್ಥದ ಬುದ್ರುಕ್‌ಗೆ ‘ಬಿ.ಕೆ.’, ಚಿಕ್ಕದೆಂಬ ಅರ್ಥದ ಖುರ್ದ್‌ಗೆ ‘ಕೆ.ಎಚ್.’ ಎಂಬ ಬಾಲಗಳು. ಬೆಳಗಾವಿಯ ಪಕ್ಕದ ಎರಡು ಕಂಗ್ರಾಳಿಗಳನ್ನು ಬೇರ್ಪಡಿಸುವುದು ಈ ಬಾಲವೊಂದೇ. ಅದನ್ನು ಬಿಟ್ಟು ಬರೆದರೆ ಒಂದು ಮನೆತನ ಪಕ್ಕದೂರಿನದಾಗಿಬಿಡುತ್ತದೆ.

ಪೂಜೆಗೆ ಕೂತಾಗ ಹೇಳುವ ಸಂಕಲ್ಪ ಈ ಮೊಟಕು ಬರಹಕ್ಕೆ ತದ್ವಿರುದ್ಧ. ಅಲ್ಲಿ ಸ್ಥಳವನ್ನು ಮೊಟಕು ಮಾಡುವಂತಿಲ್ಲ. ಜಂಬೂದ್ವೀಪದಿಂದ ಹೊರಟು ಭರತವರ್ಷ, ಭರತಖಂಡ, ಗೋದಾವರಿಯ ದಕ್ಷಿಣ ತೀರ ಎನ್ನುತ್ತ, ತಾನು ಕೂತ ಜಾಗಕ್ಕೆ ಹಂತಹಂತವಾಗಿ ಇಳಿಯಬೇಕು. ಕಾಲವನ್ನೂ ಗೋತ್ರವನ್ನೂ ಹಾಗೆಯೇ ಬಿಡಿಸಿ ಹೇಳಬೇಕು. ತಾನು ಎಲ್ಲಿ ನಿಂತಿದ್ದೇನೆಂದು ಹೇಳದೆ ದೇವರ ಮುಂದೆ ಕೈ ಮುಗಿಯಲಾಗದು ಎಂಬ ನಂಬಿಕೆ ಅದರ ಹಿಂದಿದೆ.

ಶರಣರು ಈ ಮಾತನ್ನು ತಿರುಗಿಸಿ ನೋಡಿದರು. ಸ್ಥಾವರಕ್ಕಿಂತ ಜಂಗಮ ಹೆಚ್ಚೆಂದ ಬಸವಣ್ಣನಿಗೆ ದೇವರು ಒಂದು ಊರಿಗೆ, ಒಂದು ಗುಡಿಗೆ ಅಂಟಿಕೊಂಡವನಲ್ಲ. ಆದರೂ ಅವನ ಅಂಕಿತ ಕೂಡಲಸಂಗಮದೇವ, ಕೃಷ್ಣೆಯೂ ಮಲಪ್ರಭೆಯೂ ಕೂಡುವ ಜಾಗದ ದೇವರು. ಗಂಗಾಂಬಿಕೆಯದು ‘ಗಂಗಾಪ್ರಿಯ ಕೂಡಲಸಂಗಮದೇವ’. ಮಲಪ್ರಭೆಯ ದಂಡೆಗೆ ಬಂದ ಆಕೆಯ ಹೆಸರಿನ ಜೊತೆಗೆ ಕೃಷ್ಣೆಯ ದಂಡೆಯೂ ಬಂದಿದೆ. ಇದನ್ನು ವಿರೋಧಾಭಾಸವೆಂದು ತಳ್ಳಿಹಾಕುವುದು ಸರಿಯಲ್ಲ. ನೆಲ ಬಿಟ್ಟು ನಡೆದವರಿಗೇ ನೆಲದ ಹೆಸರು ಹೆಚ್ಚು ಬೇಕಾಗುತ್ತದೆ.

ಮನೆತನಗಳ ವಂಶಾವಳಿ ಹೇಳುವ ಹೆಳವರು ಶತಮಾನಗಳಿಂದ ಕಾಯ್ದುಕೊಂಡು ಬಂದದ್ದೂ ಈ ನೆಲದ ಹೆಸರುಗಳನ್ನೇ. ಸುಗ್ಗಿಯ ನಂತರ ಎತ್ತಿನೊಂದಿಗೆ ಬಂದು, ಒಕ್ಕಲಿನ ಮನೆಯ ಮುಂದೆ ನಿಂತು, ವಂಶದ ಹೆಸರುಗಳು, ಮನೆದೇವರು, ಮೂಲದ ಊರು, ಅಲ್ಲಿಂದ ಎದ್ದು ಬಂದ ಬಗೆ ಎಲ್ಲವನ್ನೂ ಹೇಳುತ್ತಾರೆ. ಕಾಳುಕಡಿ, ದನಕರು ಪಡೆದು, ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಂಡು ಮುಂದಿನೂರಿಗೆ ಹೋಗುತ್ತಾರೆ. ಗಣತಿದಾರ ಮನುಷ್ಯನನ್ನು ಒಂದು ದಿನ, ಒಂದು ಜಾಗದಲ್ಲಿ ಹಿಡಿದು ಬರೆಯುತ್ತಾನೆ. ಹೆಳವ ಬರೆಯುವುದು ಮನೆತನ ನಡೆದ ದಾರಿಯನ್ನು. ತಾಲೂಕಿನ ಹೆಸರು ಬದಲಾದರೂ ಆ ದಾರಿ ಅಳಿಸುವುದಿಲ್ಲ.

ಎಲ್ಲವೂ ಮರೆತುಹೋಗಿದ್ದರೆ? ಗೋತ್ರ ತಿಳಿಯದವರು ಕಾಶ್ಯಪ ಗೋತ್ರವೆಂದು ಹೇಳಿ ಪಿತೃಕಾರ್ಯ ಮಾಡಬಹುದು ಎನ್ನುತ್ತದೆ ಸಂಪ್ರದಾಯ. ದಾಖಲೆ ಹರಿದುಹೋದವನ ಎಳ್ಳುನೀರೂ ಹಿರಿಯರಿಗೆ ಮುಟ್ಟುತ್ತದೆ. ಅಮೆರಿಕದ ಆ ಪಟ್ಟಿಯಲ್ಲಿ ಹೆಸರಿಲ್ಲದೆ ಉಳಿದವರ ಮಕ್ಕಳಿಗೂ ಸಲ್ಲಬೇಕಾದ ಕರುಣೆ ಇದು.

ಈ ರಿಯಾಯಿತಿ ಹುಡುಕಿಯೂ ಸಿಗದವರಿಗೆ. ಸವದತ್ತಿ, ಬೈಲಹೊಂಗಲದ ಮನೆಗಳ ಪೆಟ್ಟಿಗೆಯಲ್ಲಿರುವ ಹಳೆಯ ಖರೀದಿ ಪತ್ರಗಳಲ್ಲಿ ‘ತಾ. ಪರಸಗಡ’, ‘ತಾ. ಸಂಪಗಾಂವ’ ಎಂಬುದು ಯಾವ ಸೀಮೆಯೆಂದು ತೋರಿಸಬಲ್ಲ ಅಜ್ಜ-ಅಜ್ಜಿಯರು ಇನ್ನೂ ಇದ್ದಾರೆ. ಅವರನ್ನು ಕೇಳಿ, ಪ್ರತಿಯೊಂದು ಹೆಸರನ್ನೂ ಬೇರೆ ಹಾಳೆಯಲ್ಲಿ ಪೂರ್ತಿಯಾಗಿ ಬರೆದು, ಆ ಪತ್ರಗಳ ಜೊತೆಗೇ ಇಡುವ ಕೆಲಸ ಈ ವರ್ಷವೇ ಆಗಬೇಕು.