ಕಲ್ಲಿನ ಧೂಳೂ ನಂಬಿಕೆಯೂ

ಪ್ರಿಯರೇ, ಕಲ್ಲು ಒಡೆಯುವ ಸಹೋದರನೊಬ್ಬನು, "ಉಪದೇಶಿಗಳೇ, ದೇವರು ಕಾಯುವವನಾಗಿರಲು ಮೂಗಿಗೆ ಮುಸುಕೇಕೆ?" ಎಂದು ಕೇಳಿದನು. ಇದು ನಂಬಿಕೆಯ ಮಾತೋ ಎಂದು ವಿಚಾರಿಸೋಣ.

ಕಲ್ಲಿನ ಧೂಳಿನಲ್ಲಿ ಕಣ್ಣಿಗೆ ಕಾಣದ ಅಂಶವೇ ಹೆಚ್ಚು ಅಪಾಯಕರವಾದದ್ದು. ಅದು ಶ್ವಾಸಕೋಶವನ್ನು ಹೊಕ್ಕು ಅಲ್ಲಿಯೇ ನಿಂತು, ಬಹಳ ವರುಷಗಳ ಮೇಲೆ ಕೆಮ್ಮಾಗಿಯೂ ಏದುಸಿರಾಗಿಯೂ ತೋರುವದು. ಸಿಲಿಕೋಸಿಸ್ ಎಂಬ ಈ ರೋಗವನ್ನು ಗುಣಪಡಿಸುವ ಔಷಧವಿಲ್ಲ. ಇದ್ದವನಿಗೆ ಕ್ಷಯವೂ ಸುಲಭವಾಗಿ ಹತ್ತುವದು. ಹೆಗಲಿನ ವಸ್ತ್ರವು ಈ ಸೂಕ್ಷ್ಮ ಧೂಳನ್ನು ತಡೆಯಲಾರದು. ಕಲ್ಲಿಗೆ ನೀರೆರೆದು ಧೂಳನ್ನು ಅಡಗಿಸಬೇಕು; ತಕ್ಕ ಮುಸುಕನ್ನು ಸಂದಿಲ್ಲದಂತೆ ಧರಿಸಬೇಕು.

ದೇವಾಲಯದ ಶಿಖರದಿಂದ ಧುಮುಕೆಂದು ಸೈತಾನನು ಹೇಳಿದಾಗ ಕರ್ತನು ಒಪ್ಪಲಿಲ್ಲ. ತಂದೆಯ ಮೇಲೆ ಆತನಿಗೆ ಭರವಸ ಕಡಿಮೆಯಾಗಿತ್ತೋ? ಇಲ್ಲ, ದೇವರನ್ನು ಪರೀಕ್ಷಿಸುವದು ನಂಬಿಕೆಯಲ್ಲವೆಂದು ಆತನು ಬಲ್ಲನು.

ಆದರೆ ಭಾರವೆಲ್ಲವೂ ಕೂಲಿಯವನದಲ್ಲ. ಮಾಳಿಗೆಗೆ ಕೈಪಿಡಿಗೋಡೆ ಕಟ್ಟಬೇಕೆಂದು ಧರ್ಮೋಪದೇಶಕಾಂಡದ 22ನೆಯ ಅಧ್ಯಾಯವು ವಿಧಿಸುವದು ಮನೆಯ ಯಜಮಾನನಿಗೆ. ಬಿದ್ದವನ ರಕ್ತಾಪರಾಧವು ಆ ಮನೆಯ ಮೇಲೆಯೇ ಬರುವದು. ನೀರನ್ನೂ ಮುಸುಕನ್ನೂ ಒದಗಿಸದ ಗುತ್ತಿಗೆದಾರನು ಇದನ್ನು ಯೋಚಿಸಲಿ. ಕೇಳಿದರೆ ಕೆಲಸ ತಪ್ಪೀತೆಂದು ಒಬ್ಬೊಬ್ಬನೇ ಅಂಜುವನು. ಆದದರಿಂದ ಸಭೆಯಾಗಿ ಕೂಡಿ ಕೇಳೋಣ.

ಸಹೋದರರೇ, ಪ್ರಾರ್ಥಿಸಿ ಕೆಲಸಕ್ಕೆ ಹೊರಡಿರಿ; ಮುಸುಕನ್ನು ಮರೆಯಬೇಡಿರಿ.