ಬಾಯಿಯ ವಾಸನೆ

ಕುಡಿಯುವುದು ಬೇರೆ, ರುಚಿ ನೋಡುವುದು ಬೇರೆ ಎಂದು ವಾದಿಸುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಗುಮಾನಿ. ಊರಲ್ಲಿ ಹಾಳಾದ ಗಂಡಸರೆಲ್ಲ ರುಚಿ ನೋಡಿಯೇ ಶುರು ಮಾಡಿದವರು. ಆದರೂ ಅಮೆರಿಕದ ಆರೆಗನ್‌ನಲ್ಲಿ ಮಗಳ ಮನೆಗೆ ಹೋಗಿದ್ದಾಗ, ಅರವತ್ತು ದಾಟಿದ ನಾನು ಎರಡು ಗುಟುಕು ಬಿಯರಿನ ರುಚಿ ನೋಡಿದೆ. ಅದಕ್ಕೆ ಪಶ್ಚಾತ್ತಾಪವೇನೂ ಇಲ್ಲ. ಆದರೆ ಆ ಎರಡು ಗುಟುಕಿನ ಜೊತೆ ತಲೆಯೊಳಗೆ ಹೊಕ್ಕ ಪ್ರಶ್ನೆಯೊಂದು ಇನ್ನೂ ಹೊರಗೆ ಬಂದಿಲ್ಲ.

ಅದರ ಹೆಸರು ರೆಡ್ ಐಪಿಎ. ಐಪಿಎ ಎಂದರೆ ಇಂಡಿಯಾ ಪೇಲ್ ಏಲ್. ಕುಂಪಣಿ ಸರಕಾರದ ಕಾಲದಲ್ಲಿ ಇಲ್ಲಿದ್ದ ಆಂಗ್ಲರಿಗಾಗಿ ಹಡಗಿನಲ್ಲಿ ಬರುತ್ತಿದ್ದ ಬಿಯರು. ಹಾಪ್ಸ್ ಎಂಬ ಕಹಿ ಹೂವನ್ನು ಅದಕ್ಕೆ ಧಾರಾಳವಾಗಿ ಹಾಕುತ್ತಿದ್ದರು. ಕೆಂಪು ಬಣ್ಣ ಬರುವುದು ಮಾಲ್ಟಿನಿಂದ. ಜವೆಗೋದಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿಯಬೇಕು. ಕೂಸಿಗೆ ಮೊಳಕೆ ರಾಗಿಯ ಹಿಟ್ಟು ಮಾಡಿಕೊಟ್ಟ ಯಾವ ತಾಯಿಗೂ ಇದನ್ನು ಕಲಿಸಬೇಕಿಲ್ಲ. ಇದಕ್ಕೆ ಸ್ಪ್ರೂಸ್ ಎಂಬ ಸೂಜಿಯೆಲೆಯ ಮರದ ಎಳೆ ಚಿಗುರನ್ನೂ ಹಾಕಿದ್ದರು. 1773ರಲ್ಲಿ ನ್ಯೂಜಿಲೆಂಡಿನ ದಂಡೆಯಲ್ಲಿ ಕ್ಯಾಪ್ಟನ್ ಕುಕ್, ಸ್ಪ್ರೂಸನ್ನು ಹೋಲುವ ಮರದ ಎಲೆಗಳಿಂದ ಬಿಯರ್ ಮಾಡಿಸಿ, ಸ್ಕರ್ವಿ ರೋಗ ಬಾರದಿರಲೆಂದು ತನ್ನ ನಾವಿಕರಿಗೆ ಕುಡಿಸಿದ್ದ. ಔಷಧವೆಂದರೆ ನಮ್ಮಲ್ಲೂ ಎಲ್ಲ ನಡೆಯುತ್ತದೆ. ಬಾಣಂತಿಗೆ ಬ್ರಾಂದಿ ಕುಡಿಸಿದ ಮಡಿವಂತರನ್ನು ನಾನು ಕಂಡಿದ್ದೇನೆ.

ಬಾಯಿಗಿಟ್ಟಾಗ ಮೊದಲು ಬಂದದ್ದು ಕಬ್ಬಿನ ಗಾಣದ ವಾಸನೆ. ಕೊಪ್ಪರಿಗೆಯಲ್ಲಿ ಬೆಲ್ಲದ ಪಾಕ ಇನ್ನೇನು ತಳ ಹಿಡಿಯುತ್ತದೆ ಎನ್ನುವಾಗ ಏಳುತ್ತದಲ್ಲ, ಆ ಸುಟ್ಟ ಸಿಹಿ. ಆಮೇಲೆ ನಿಂಬೆಯ ಸಿಪ್ಪೆ ಹಿಂಡಿದಂತೆ, ಧೂಪದ ಅಂಟು ಮುಟ್ಟಿದಂತೆ ಮರದ ಕಂಪು. ಕೊನೆಗೆ ಕಹಿ: ಬೇವಿನ ಹೂವಿನ ಕಹಿಯ ಹಾಗೆ ನಾಲಿಗೆಯ ಬುಡದಲ್ಲಿ ಕುಳಿತು ಏಳಲೊಲ್ಲದು. ಎದೆ ಬೆಚ್ಚಗಾಯಿತು, ಬಾಟಲಿಯ ಮೇಲೆ ನೂರಕ್ಕೆ ಏಳೂವರೆ ಮದ್ಯಸಾರ ಎಂದಿತ್ತು. ಚೆನ್ನಾಗಿತ್ತು. ಇರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. "ಅತ್ತಿಯವರ, ಇನ್ನ ಸ್ವಲ್ಪ ಹಾಕ್ಲೇನ್ರಿ?" ಎಂದರು ಅಳಿಯಂದಿರು. ಮಗಳು ಅವರತ್ತ ಕಣ್ಣು ಬಿಟ್ಟಳು.

ನನ್ನ ತವರು ರಾಯಬಾಗ ತಾಲೂಕಿನ ಅಲಖನೂರ. ಈ ಸುದ್ದಿ ಅಲ್ಲಿಗೆ ತಲುಪಿದರೆ ನನ್ನ ಮರ್ಯಾದೆ ಎಷ್ಟು ಉಳಿದೀತೆಂದು ಬಲ್ಲೆ. ಅದೇ ತವರಿನಲ್ಲಿ ನಾಲ್ಕು ಎಕರೆ ಕಬ್ಬಿದೆ. ನಾನು ಕಾಲೇಜು ಕಲಿತದ್ದು, ಬಂಗಾರ ಹಾಕಿಕೊಂಡು ಗಂಡನ ಮನೆಗೆ ಹೋದದ್ದು ಆ ಕಬ್ಬಿನ ಬಿಲ್ಲಿನಲ್ಲಿ. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯನ್ನು ಹುದುಗಿಸಿ ಬಟ್ಟಿ ಇಳಿಸಿದರೆ ಮದ್ಯಸಾರ. ನಮ್ಮ ರಾಜ್ಯದ ಸಾರಾಯಿ ಆಗುತ್ತಿದ್ದದ್ದು ಅದರಿಂದ. ಈಚೆಗೆ ಪೆಟ್ರೋಲಿಗೆ ಬೆರೆಸಲೂ ಹೋಗುತ್ತದೆ, ನಿಜ. ಆಗ ಗಂಡಸರ ಹೊಟ್ಟೆಗೆ ಹೋಗುತ್ತಿತ್ತು.

ನಮ್ಮ ಹೊಲಕ್ಕೆ ಕಬ್ಬಿನ ಕಸ ತೆಗೆಯಲು ಬರುತ್ತಿದ್ದ ಹೆಣ್ಣುಮಗಳೊಬ್ಬಳ ಕೂಲಿಯನ್ನು ಅವ್ವ ಹಿಟ್ಟಿನ ಡಬ್ಬಿಯಲ್ಲಿ ಬಚ್ಚಿಡುತ್ತಿದ್ದಳು. ಒಮ್ಮೆಗೇ ಕೊಟ್ಟರೆ ಗಂಡ ಕಸಿದುಕೊಂಡು ಸಾರಾಯಿ ಅಂಗಡಿಗೆ ಹೋಗುತ್ತಿದ್ದ. ತಾಳಿಯ ಗುಂಡುಗಳು ಆಗಲೇ ಹೋಗಿದ್ದವು. ಅರಿಸಿನದ ಕೊನೆ ಕಟ್ಟಿಕೊಂಡಿದ್ದಳು. ಅವನಿಗೆ ನಮ್ಮ ಮನೆಯಲ್ಲಿ ಎಲ್ಲರೂ ಬೈಯುತ್ತಿದ್ದೆವು. ಅವನ ಗ್ಲಾಸಿಗೂ ನಮ್ಮ ಹೊಲಕ್ಕೂ ಏನು ಸಂಬಂಧವೆಂದು ಕೇಳುವ ರೂಢಿ ಯಾರಿಗೂ ಇರಲಿಲ್ಲ.

2007ರ ಜುಲೈ 1ರಿಂದ ಸರಕಾರ ಸಾರಾಯಿಯನ್ನು ನಿಲ್ಲಿಸಿತು. ಅದರ ಜಾಗಕ್ಕೆ ಅಗ್ಗದ ಬೇರೆ ಮದ್ಯ ಬಂತು. 2019ರ ಜನವರಿಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಮದ್ಯವನ್ನೇ ನಿಲ್ಲಿಸಿರೆಂದು ಚಿತ್ರದುರ್ಗದಿಂದ ಬೆಂಗಳೂರಿನತನಕ ನಡೆದರು. ಟಿವಿಯಲ್ಲಿ ನೋಡಿ ಅವರಿಗೆ ಕೈಮುಗಿದವರಲ್ಲಿ, ಕಾರ್ಖಾನೆಯ ಬಿಲ್ಲಿನ ದಾರಿ ಕಾಯುವ ಮನೆಗಳ ನಾವೂ ಇದ್ದೆವು.

ಪಾಪವನ್ನು ನಾವು ನಾಲಿಗೆಯ ಮೇಲೆ ಹುಡುಕುತ್ತೇವೆ, ಅದರಲ್ಲೂ ಹೆಂಗಸಿನ ನಾಲಿಗೆಯ ಮೇಲೆ. ಬೆಳೆದವರು, ಬಟ್ಟಿ ಇಳಿಸಿದವರು, ಸುಂಕ ಎಣಿಸಿಕೊಂಡ ಸರಕಾರ, ಇವರ ಯಾರ ಬಾಯಿಯೂ ವಾಸನೆ ಹೊಡೆಯುವುದಿಲ್ಲ. ಹಾಗೆಂದು ನನ್ನ ಗುಟುಕು ದೊಡ್ಡ ಸಂಗತಿಯೆಂದೂ ಹೇಳಲಾರೆ. ನಾನು ಎರಡಕ್ಕೇ ನಿಂತದ್ದು ಸಂಯಮದಿಂದಲ್ಲ; ಹೊಟ್ಟೆ ತುಂಬಿತ್ತು, ಮಗಳು ಎದುರಿಗಿದ್ದಳು, ಮೈ ನೋವು ಮರೆಯಬೇಕಾದ ದುಡಿಮೆ ಇರಲಿಲ್ಲ. ಇವು ಇಲ್ಲದವನಿಗೆ ಮೂರನೆಯ ಗುಟುಕು ಹೇಗೆ ಕರೆಯುತ್ತದೋ, ನನ್ನ ನಾಲಿಗೆಯಿಂದ ಅದನ್ನು ಅಳೆಯಲಾಗದು.

ತಮ್ಮನ ಹೆಂಡತಿಗೆ ಇದನ್ನೆಲ್ಲ ಹೇಳಿದೆ. ಅವಳು ಸಿಟ್ಟಾಗಲಿಲ್ಲ. "ನೀವ ಕುಡದದ್ದ ಇರ್ಲಿ ಬಿಡ್ರಿ ಅಕ್ಕಾರ. ಕಬ್ಬ ಬಿಟ್ಟ ಏನ ಹಚ್ಚೂಣು, ಅದನ್ನ ಹೇಳ್ರಿ" ಎಂದಳು. ಅರಿಸಿನ ಎಂದೆ. ದರ ಬಿದ್ದ ವರ್ಷಗಳನ್ನು ಬೆರಳು ಮಡಚಿ ಎಣಿಸಿದಳು. ಗೋವಿನಜೋಳ ಎಂದೆ. ಅದರಿಂದಲೂ ಈಗ ಮದ್ಯಸಾರ ತೆಗೆಯುತ್ತಾರೆಂದು ಅವಳ ಮಗ ಒಳಗಿನಿಂದಲೇ ಕೂಗಿ ಹೇಳಿದ.