ಕಾಯದೆ ತಲುಪಿದ ಊರುಗಳು

ಬೆಳಗ್ಗೆ ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಒಂದು ಊರು ಬಂದು ನಿಂತಿತ್ತು. ರಾತ್ರಿ ಮಲಗುವಾಗ ಅಲ್ಲಿದ್ದದ್ದು ಬರೀ ಕಪ್ಪು ನೀರು. ಈಗ ಬೋಳು ಬೂದು ಬೆಟ್ಟ, ಅದರ ಬುಡದಲ್ಲಿ ಕೆಂಪು ಹೆಂಚಿನ ಮನೆಗಳು, ಮನೆಗಳ ಬೆನ್ನಿನಿಂದ ಮೇಲಕ್ಕೆ ಹತ್ತಿಹೋದ ಕೋಟೆಗೋಡೆ. ದಿಂಬಿನಿಂದ ತಲೆ ಎತ್ತದೆಯೇ ನಾನು ಮಾಂಟೆನೆಗ್ರೊ ದೇಶದ ಕೋಟೊರ್ ತಲುಪಿಬಿಟ್ಟಿದ್ದೆ. ಸಂತೋಷವಾಯಿತು. ಅದರ ಬೆನ್ನಿಗೇ ಸಣ್ಣದೊಂದು ಅಳುಕೂ ಆಯಿತು. ಯಾರದೋ ಮನೆಯ ಬಾಗಿಲು ತಟ್ಟದೆ ನೇರ ನಡುಮನೆಗೆ ಹೋಗಿ ನಿಂತ ಹಾಗೆ.

ಮದುವೆಗೆ ನಲವತ್ತು ವರ್ಷ ತುಂಬಿತೆಂದು ಮಗಳು, ಅಳಿಯ ನಮ್ಮಿಬ್ಬರಿಗೆ ಮಾಡಿಸಿಕೊಟ್ಟ ಪ್ರಯಾಣ ಇದು. ಏಥೆನ್ಸಿನ ಪಿರೇಯಸ್ ಬಂದರಿನಿಂದ ಹೊರಟು, ಗ್ರೀಸಿನ ಕರಾವಳಿ ದಾಟಿ, ಏಡ್ರಿಯಾಟಿಕ್ ಸಮುದ್ರದ ಪೂರ್ವದ ದಡ ಹಿಡಿದು ವೆನಿಸ್‌ವರೆಗೆ ಒಂಬತ್ತು ದಿನ. ಸಾವಿರಾರು ಜನರನ್ನು ತುಂಬಿಕೊಂಡು ತೇಲುವ ಭಾರೀ ಹಡಗಲ್ಲ, ಚಿಕ್ಕದು. ಪ್ರಯಾಣಿಕರು ನೂರು ಚಿಲ್ಲರೆ, ನಮ್ಮನ್ನು ನೋಡಿಕೊಳ್ಳಲು ಹೆಚ್ಚುಕಡಿಮೆ ಅಷ್ಟೇ ಜನ. ದೊಡ್ಡ ಹಡಗು ದೂರದಿಂದಲೇ ತಿರುಗಿಹೋಗುವ ಜಾಗಕ್ಕೆ ಇದು ನುಸುಳುತ್ತದೆ. ಅದಕ್ಕೇ ಇದಕ್ಕೆ ಬೆಲೆ.

ಎರಡನೆಯ ದಿನವೇ ಕೊರಿಂತ್ ಕಾಲುವೆ ದಾಟಿದೆವು. ಆರು ಕಿಲೋಮೀಟರಿಗಿಂತ ತುಸು ಹೆಚ್ಚು ಉದ್ದ, ತಳದಲ್ಲಿ 21 ಮೀಟರ್ ಅಗಲ. ಎರಡೂ ಕಡೆ ನೆಟ್ಟಗೆ ಕಡಿದ ಬಂಡೆ. ಡೆಕ್ಕಿನ ಮೇಲೆ ನಿಂತವರು ಕೈ ಚಾಚಿದರೆ ಗೋಡೆ ಸಿಕ್ಕೀತು ಅನ್ನುವಷ್ಟು ಹತ್ತಿರ. ಕ್ರಿ.ಶ. 67ರಲ್ಲಿ ರೋಮಿನ ಚಕ್ರವರ್ತಿ ನೀರೋ ಸಾವಿರಾರು ಯಹೂದಿ ಸೆರೆಯಾಳುಗಳನ್ನು ತಂದು ಇಲ್ಲಿ ಅಗೆಸತೊಡಗಿದ್ದ. ಮರುವರ್ಷ ಅವನು ಸತ್ತ, ಕೆಲಸ ನಿಂತಿತು. ಮುಗಿದದ್ದು 1893ರಲ್ಲಿ. ನಾವು ತಂಪು ಪಾನೀಯ ಹಿಡಿದು ಅದನ್ನು ದಾಟಿದೆವು. ಗೋಡೆಯ ಮೇಲಿನ ಕಡಿತದ ಗೆರೆಗಳನ್ನು ನೋಡುತ್ತ ಯಾವುದೋ ಒಂದು ಮಾತು ಮನಸ್ಸಿಗೆ ಬರುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ.

ಅದರ ಅರ್ಧ ಬಾಯಿಗೆ ಬಂದದ್ದು ಕೋಟೊರ್ ಕೊಲ್ಲಿಯಲ್ಲಿ. ಆ ಕೊಲ್ಲಿಯ ಒಳಮನೆಗೆ ಹೋಗಲು ವೆರಿಗೆ ಎಂಬ ಇಕ್ಕಟ್ಟಾದ ಜಲಸಂಧಿ ದಾಟಬೇಕು. ವೆರಿಗೆ ಅಂದರೆ ಅವರ ಭಾಷೆಯಲ್ಲಿ ಸರಪಳಿ. ಹಡಗುಗಳು ಜೀವ ಬಿಗಿಹಿಡಿದು ಹಾಯುತ್ತಿದ್ದ ಆ ಬಾಗಿಲನ್ನು ನಾನು ನಿದ್ದೆಯಲ್ಲಿ ದಾಟಿದ್ದೆ. ಅದರ ಎದುರಿಗೇ ಪೆರಾಸ್ಟ್ ಎಂಬ ಪುಟ್ಟ ಊರು, ನಾವಿಕರ ಊರು. ಊರಿನ ಮುಂದೆ ನೀರಿನಲ್ಲಿ ಎರಡು ನಡುಗಡ್ಡೆಗಳಿವೆ. ಅವುಗಳಲ್ಲಿ ಒಂದು ದೇವರು ಮಾಡಿದ್ದಲ್ಲ, ಜನ ಮಾಡಿದ್ದು. 1452ರಲ್ಲಿ ಅಲ್ಲಿನ ಬಂಡೆಯೊಂದರ ಮೇಲೆ ಮೇರಿಮಾತೆಯ ಚಿತ್ರ ಸಿಕ್ಕಿತೆಂದು ಐತಿಹ್ಯ. ಅಂದಿನಿಂದ ಆ ಬಂಡೆಯ ಸುತ್ತ ಕಲ್ಲು ಹಾಕುತ್ತ, ಹಳೆಯ ಹಡಗುಗಳನ್ನು ಕಲ್ಲು ತುಂಬಿ ಮುಳುಗಿಸುತ್ತ, ನೆಲವನ್ನೇ ಎಬ್ಬಿಸಿ ಅದರ ಮೇಲೆ ಇಗರ್ಜಿ ಕಟ್ಟಿದರು. ಈಗಲೂ ಪ್ರತಿ ವರ್ಷ ಜುಲೈ 22ರ ಸಂಜೆ ಊರಿನವರು ದೋಣಿಗಳ ಸಾಲು ಕಟ್ಟಿ ಬಂದು ಕಲ್ಲು ಹಾಕಿ ಹೋಗುತ್ತಾರೆ. ಸಮುದ್ರ ಕೊರೆಯುತ್ತಲೇ ಇರುತ್ತದೆ, ಇವರು ತುಂಬುತ್ತಲೇ ಇರುತ್ತಾರೆ.

ಆ ಇಗರ್ಜಿಯ ಒಳಗೆ, ಗಾಜಿನ ಹಿಂದೆ, ಒಂದು ಕಸೂತಿ ಇದೆ. ಯಾತ್ಸಿಂತಾ ಕುನಿಚ್ ಎಂಬ ಪೆರಾಸ್ಟಿನ ಹೆಂಗಸು 25 ವರ್ಷ ಹೊಲಿದದ್ದು ಎನ್ನುತ್ತಾರೆ. ಕಡಲಿಗೆ ಹೋದ ತನ್ನವನು ಮರಳಲಿ ಎಂದು ಕಾಯುತ್ತ ಕಾಯುತ್ತ ಹೊಲಿದಳಂತೆ. ಚಿನ್ನ, ಬೆಳ್ಳಿಯ ಎಳೆಗಳ ಜೊತೆ ತನ್ನದೇ ಕೂದಲು ಸೇರಿಸಿದ್ದಾಳೆ. ಮೇರಿಯ ಸುತ್ತಲ ಪುಟ್ಟ ದೇವದೂತರ ತಲೆಗೂದಲೆಲ್ಲ ಅವಳ ಕೂದಲು. ಹತ್ತಿರ ಬಗ್ಗಿ ನೋಡಿದೆ. ಒಂದು ಮಗುವಿನ ತಲೆಗೂದಲು ಕಂದು, ಇನ್ನೊಂದರದು ಮಾಸಲು, ಮತ್ತೊಂದರದು ಬಿಳಿ. ಅವಳು ಮುದುಕಿಯಾದದ್ದು ಬಟ್ಟೆಯ ಮೇಲೆ ಕಾಣುತ್ತದೆ. ನಮಗೆ ಕೊಟ್ಟಿದ್ದ ಸಮಯ ಇಪ್ಪತ್ತು ನಿಮಿಷ. ಇಪ್ಪತ್ತೈದು ವರ್ಷದ ಮುಂದೆ ಇಪ್ಪತ್ತು ನಿಮಿಷ ನಿಂತು ದೋಣಿ ಹತ್ತಿದೆವು.

ಆಗ ಹೊಳೆಯಿತು. ಈ ಒಂಬತ್ತು ದಿನಗಳಲ್ಲಿ ನಮ್ಮಿಂದ ತೆಗೆದುಹಾಕಿದ್ದು ಏನನ್ನೆಂದರೆ ಕಾಯುವುದನ್ನು. ಸಾಲು ಇಲ್ಲ, ಸಾಮಾನು ಹೊರುವುದಿಲ್ಲ, ಊರಿನಿಂದ ಊರಿಗೆ ಹೋಗುವ ಹೊತ್ತು ಕೂಡ ನಿದ್ದೆಯಲ್ಲಿ ಕರಗಿಹೋಗುತ್ತದೆ. ಸುಖ ಎಂದು ನಾವು ದುಡ್ಡು ಕೊಟ್ಟು ಕೊಂಡದ್ದು ಅದನ್ನೇ.

ನಮ್ಮ ಭಾಷೆಯಲ್ಲಿ ಕಾಯುವುದು ಅಂದರೆ ಬರೀ ದಾರಿ ನೋಡುವುದಲ್ಲ. ದನ ಕಾಯುತ್ತೇವೆ, ಹಂದಿ ನುಗ್ಗದಂತೆ ರಾತ್ರಿಯಿಡೀ ಗದ್ದೆ ಕಾಯುತ್ತೇವೆ, ಜ್ವರ ಬಂದ ಮಗುವನ್ನು ಕಾಯುತ್ತೇವೆ, ದೇವರೇ ಕಾಯಪ್ಪ ಅನ್ನುತ್ತೇವೆ. ಬಸ್ಸಿಗೆ ಕಾಯುವುದೂ ಅದೇ ಮಾತು, ಜೀವ ಕಾಯುವುದೂ ಅದೇ ಮಾತು. ಮೂವತ್ತು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದವಳು ನಾನು. ಈ ಎರಡು ಅರ್ಥಗಳು ಒಂದೇ ಧಾತುವಿನಲ್ಲಿ ಯಾಕೆ ಕುಳಿತಿವೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಪೆರಾಸ್ಟಿನ ಆ ಹೆಂಗಸು ಗಂಡಸಿಗಾಗಿ ಕಾದಳೋ, ಅವನನ್ನು ಕಾದಳೋ? ಅವಳಿಗೆ ಅವೆರಡೂ ಬೇರೆಯಾಗಿರಲಿಲ್ಲ ಎಂದು ಈಗ ನನ್ನ ನಂಬಿಕೆ.

ಕಾಯುತ್ತ ಪಯಣಿಸಿದ ಇನ್ನೊಬ್ಬನ ನೆನಪೂ ಬಂತು. ನಮ್ಮೂರು ಸಾಗರ. ಇಕ್ಕೇರಿ ನಮಗೆ ನಡೆದು ಹೋಗುವ ದೂರ. ಅಲ್ಲಿಗೆ ಇದೇ ವೆನಿಸಿನಿಂದ ಹಡಗು ಹತ್ತಿದವನೊಬ್ಬ ಬಂದಿದ್ದ; ಪಿಯೆತ್ರೋ ದೆಲ್ಲಾ ವಾಲ್ಲೆ, ರೋಮಿನ ಶ್ರೀಮಂತ ಮನೆತನದವನು. 1614ರಲ್ಲಿ ವೆನಿಸ್ ಬಿಟ್ಟವನು ಇಕ್ಕೇರಿಯಲ್ಲಿ ಅರಸ ವೆಂಕಟಪ್ಪ ನಾಯಕನನ್ನು ಕಂಡದ್ದು 1623ರಲ್ಲಿ. ಒಂಬತ್ತು ವರ್ಷ! ನನ್ನ ಒಂಬತ್ತು ದಿನ ನೆನೆಯುತ್ತೇನೆ. ಆ ನಡುವೆ ಅವನು ಬಾಗ್ದಾದಿನಲ್ಲಿ ಮದುವೆಯಾದ. ಹೆಂಡತಿ ಮಾನಿ ಪರ್ಷಿಯಾದಲ್ಲಿ ತೀರಿಕೊಂಡಳು. ಅವಳ ದೇಹ ಕೆಡದಂತೆ ಮಾಡಿಸಿ, ಪೆಟ್ಟಿಗೆಯಲ್ಲಿಟ್ಟುಕೊಂಡು ನಮ್ಮ ದೇಶಕ್ಕೂ ತಂದ, ಕೊನೆಗೆ ರೋಮ್‌ಗೆ ಒಯ್ದು ಮಣ್ಣು ಮಾಡಿದ.

ಅವನು ಬರೆದದ್ದರಲ್ಲಿ ನನಗೆ ತುಂಬ ಹತ್ತಿರದ ಪುಟ ಬೇರೆ ಇದೆ. ಗೇರುಸೊಪ್ಪೆಯಿಂದ ಘಟ್ಟ ಹತ್ತಿ ಬರುವಾಗ, ಹೊರೆಗಳನ್ನು ಅಣಿಮಾಡುವಷ್ಟು ಹೊತ್ತು ಅವನು ಒಂದು ಗುಡಿಯ ಜಗಲಿಯಲ್ಲಿ ಕಾಯಬೇಕಾಯಿತು. ಅಲ್ಲಿ ನಾಲ್ಕು ಹುಡುಗರು ನೆಲದ ಮೇಲೆ ನುಣ್ಣನೆ ಮರಳು ಹರಡಿ, ಬೆರಳಿನಲ್ಲಿ ಅಂಕಿ ಬರೆದು ಅಳಿಸುತ್ತ, ರಾಗವಾಗಿ ಹಾಡುತ್ತ ಲೆಕ್ಕ ಕಲಿಯುತ್ತಿದ್ದರು. ಮೇಷ್ಟರಿರಲಿಲ್ಲ. ತಪ್ಪಿದರೆ ತಿದ್ದುವವರು ಯಾರೆಂದು ಕೇಳಿದ. ನಾಲ್ವರೂ ಒಂದೇ ಕಡೆ ಮರೆಯಲು ಹೇಗೆ ಸಾಧ್ಯ ಎಂಬುದು ಹುಡುಗರ ಉತ್ತರ. ಆ ಹೊತ್ತಿನ ಕನ್ನಡ ಮಕ್ಕಳ ಓದು ಹೇಗಿತ್ತೆಂದು ನಮಗೆ ಈಗ ಗೊತ್ತಿರುವುದು ಅವತ್ತು ಹೊರೆ ಕಟ್ಟುವುದು ತಡವಾದ್ದರಿಂದ. ಹೊರೆ ಸಿದ್ಧವಾಗಿಯೇ ಇದ್ದಿದ್ದರೆ ಅವನು ಆ ಮಕ್ಕಳನ್ನು ದಾಟಿ ಹೋಗಿಬಿಡುತ್ತಿದ್ದ. ಅವನ ಕಡತದಲ್ಲಿ ಅರಮನೆಗಳು ಸಾಕಷ್ಟು ಇದ್ದಾವು. ಈ ಜಗಲಿಯೊಂದು ಇರುತ್ತಿರಲಿಲ್ಲ.

ನಮ್ಮ ಮುಂದಿನ ಊರು ಕ್ರೊಯೇಷಿಯಾದ ಡುಬ್ರೋವ್ನಿಕ್. ಅಲ್ಲಿ ಎಲ್ಲರೂ ಕೋಟೆಯ ಮೇಲೆ ನಡೆಯುತ್ತಾರೆ, ಸುಮಾರು ಎರಡು ಕಿಲೋಮೀಟರ್. ನಡೆಯಬೇಕಾದ್ದೇ, ಒಂದು ಕೈಗೆ ಕಡಲು, ಒಂದು ಕೈಗೆ ಹೆಂಚು. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಪೂರ್ವದ ಬಾಗಿಲಿನ ಹೊರಗಿರುವ ಲಜರೆಟಿ ಎಂಬ ಉದ್ದನೆಯ ಕಲ್ಲುಕೊಟ್ಟಿಗೆಗಳ ಸಾಲು. ಆಗ ರಗೂಸಾ ಎನಿಸಿಕೊಂಡಿದ್ದ ಈ ಊರು 1377ರಲ್ಲಿ ಒಂದು ಕಟ್ಟಳೆ ಮಾಡಿತು: ಪ್ಲೇಗು ಇರುವ ಕಡೆಯಿಂದ ಬಂದವರು ಒಂದು ತಿಂಗಳು ಹೊರಗೆ ಇದ್ದು, ಆಮೇಲೆ ಒಳಗೆ ಬರತಕ್ಕದ್ದು. ಮುಂದೆ ಮೂವತ್ತು ದಿನ ನಲವತ್ತಾಯಿತು. ವೆನಿಸಿನವರ ನಲವತ್ತು ಎಂಬ ಮಾತಿನಿಂದಲೇ ಕ್ವಾರಂಟೈನ್ ಬಂದದ್ದು. ವ್ಯಾಪಾರದಿಂದಲೇ ಬದುಕುತ್ತಿದ್ದ ಊರು ವ್ಯಾಪಾರಿಯನ್ನು ಓಡಿಸಲಿಲ್ಲ, ಬಾಗಿಲು ಹಾಕಿಕೊಳ್ಳಲಿಲ್ಲ, ಕಾಯಿ ಅಂದಿತು. ಬಂದವನು ಕಾದ, ಊರು ತನ್ನನ್ನು ಕಾದುಕೊಂಡಿತು.

ಆ ಕೊಟ್ಟಿಗೆಯ ತಂಪು ಕಲ್ಲಿಗೆ ಬೆನ್ನು ಕೊಟ್ಟಾಗ ನೆನಪಾದದ್ದು ನಮ್ಮ ಮಹಡಿ ಮೆಟ್ಟಿಲು. 2020ರ ಮಾರ್ಚಿನಲ್ಲಿ ಮಗಳು ಮ್ಯೂನಿಕ್‌ನಿಂದ ಮುಂಗೈಗೆ ಮುದ್ರೆ ಒತ್ತಿಸಿಕೊಂಡು ಬಂದಿದ್ದಳು. ಹದಿನಾಲ್ಕು ದಿನ ಮೆಟ್ಟಿಲ ಮೇಲೆ ತಟ್ಟೆ ಇಟ್ಟು ಕೆಳಗೆ ಬಂದು ಕೂಗುತ್ತಿದ್ದೆ. ಮೇಲಿನಿಂದ ಅವಳು, ಕೆಳಗಿನಿಂದ ನಾನು, ಅಷ್ಟು ಮಾತಾಡಿದ್ದು ಅವಳು ಹೈಸ್ಕೂಲು ಬಿಟ್ಟ ಮೇಲೆ ಅದೇ ಮೊದಲು.

ಈಗ ಕಾಯುವ ಸರದಿ ಊರುಗಳದು. ಬಂದವರು ಬೆಳಗ್ಗೆ ಇಳಿದು ಸಂಜೆ ಹೋಗುತ್ತಾರೆ. ಊರು ಖಾಲಿಯಾಗಲಿ ಎಂದು ಊರಿನವರು ಕಾಯುತ್ತಾರೆ. ಡುಬ್ರೋವ್ನಿಕ್ ಒಂದೇ ಹೊತ್ತಿಗೆ ಬರುವ ದೊಡ್ಡ ಹಡಗುಗಳಿಗೆ ಮಿತಿ ಹಾಕಿತು. 2021ರ ಆಗಸ್ಟ್ 1ರಿಂದ 25,000 ಟನ್‌ಗಿಂತ ದೊಡ್ಡ ಹಡಗುಗಳು ವೆನಿಸಿನ ಜ್ಯೂದೆಕ್ಕಾ ಕಾಲುವೆಗೆ ಬರುವಂತಿಲ್ಲ. ಚಿಕ್ಕ ಹಡಗಿನವರು ನಾವು, ಆ ಪಾಪದಲ್ಲಿ ನಮಗೆ ಪಾಲಿಲ್ಲ ಎಂದು ಊಟದ ಮೇಜಿನಲ್ಲಿ ಯಾರೋ ಹೇಳಿದರು. ನೂರು ಜನ ಸಾವಿರಕ್ಕಿಂತ ಹಗುರ, ನಿಜ. ಆದರೆ ಅಳತೆ ಕಮ್ಮಿಯಾದ ಮಾತ್ರಕ್ಕೆ ಬಂದ ರೀತಿ ಬದಲಾಗುವುದಿಲ್ಲ. ನಮಗೂ ಯಾವ ಹೊಸ್ತಿಲೂ ಅಡ್ಡ ಬಂದಿರಲಿಲ್ಲ.

ಅಡ್ಡ ಬಂದದ್ದು ಗಾಳಿ, ಕೋರ್ಚುಲಾ ಎಂಬ ಊರಿನಲ್ಲಿ. ಬಡಗು-ಮೂಡಣದ ಬೆಟ್ಟಗಳಿಂದ ಧುಮುಕುವ ಒಣ ಗಾಳಿಗೆ ಅಲ್ಲಿ ಬೂರಾ ಎನ್ನುತ್ತಾರೆ. ಲಂಗರು ಹಾಕಿದ್ದೆವು, ಊರು ಎದುರಿಗೇ ಇತ್ತು, ದೋಣಿ ಇಳಿಸುವಂತಿರಲಿಲ್ಲ. ನಾಲ್ಕು ಗಂಟೆ ಹಾಗೇ ಕಳೆಯಿತು. ಕೆಲವರು ಸಿಡುಕಿದರು, ಕೆಲವರು ಪರಿಹಾರ ಕೇಳಿದರು. ಮೊಗಸಾಲೆಯ ಗೋಡೆಯಲ್ಲಿ ಊರಿನ ನಕ್ಷೆ ಇತ್ತು; ಮೀನಿನ ಮುಳ್ಳಿನ ಹಾಗೆ ಬೀದಿಗಳು. ಪಶ್ಚಿಮದ ಬೀದಿಗಳು ನೇರ, ಬೇಸಿಗೆಯ ತಂಗಾಳಿ ಒಳಗೆ ಬರಲೆಂದು. ಪೂರ್ವದವು ತುಸು ಬಾಗಿವೆ, ಇದೇ ಬೂರಾ ಮುರಿದುಕೊಳ್ಳಲೆಂದು. ನಮ್ಮನ್ನು ಹೊರಗೆ ನಿಲ್ಲಿಸಿದ ಗಾಳಿಯನ್ನು ಆ ಊರು ಏಳು ನೂರು ವರ್ಷಗಳಿಂದ ಬಲ್ಲದು.

ಗಾಳಿಯ ಮರೆಯಲ್ಲಿ ಕುಳಿತಿದ್ದ ನನಗೆ ಒಬ್ಬ ಹುಡುಗ ಕಂಬಳಿ ತಂದು ಹೊದಿಸಿದ. ಐದು ದಿನದಿಂದ ನಮ್ಮ ಕೋಣೆ ಗುಡಿಸಿ, ಹಾಸಿಗೆ ಹಾಸಿ, ಇಂಗ್ಲಿಷಿನಲ್ಲಿ ನಮಸ್ಕಾರ ಹೇಳುತ್ತಿದ್ದವನು. ನಾವಿಬ್ಬರೂ ಮಾತಾಡುವುದು ಕಿವಿಗೆ ಬಿತ್ತೇನೋ, ಬಗ್ಗಿ ಮೆಲ್ಲಗೆ ಕೇಳಿದ:

“ನಿಮ್ದ್ ಯಾವೂರಮ್ಮ?”

ಎದೆ ತುಂಬಿ ಬಂತು. ಸಾಗರ ಅಂದೆ. ಅವನು ಕುಂದಾಪುರದ ಕಡೆಯವನು. ಅಪ್ಪನದು ಮೀನುಗಾರಿಕೆ. ಇವನದು ಎಂಟು ತಿಂಗಳ ಕರಾರು, ಆರು ಮುಗಿದಿದೆ. ಮನೆಯಲ್ಲಿ ಹೆಂಡತಿ, ಹತ್ತು ತಿಂಗಳ ಮಗಳು. ಮಗು ಮೊದಲು ಅಂಬೆಗಾಲಿಟ್ಟದ್ದನ್ನು ಫೋನಿನಲ್ಲಿ ನೋಡಿದನಂತೆ, ಸಿಗ್ನಲ್ ಹೋಗಿ ಅರ್ಧಕ್ಕೆ ನಿಂತಿತಂತೆ.

“ಈ ಊರಿಗೆ ಎಷ್ಟು ಸಲ ಬಂದೀಯಪ್ಪ?”

“ಹತ್ತೊಂಬತ್ ಸಲ ಅಮ್ಮ. ಇಳ್ದದ್ ಒಂದೇ ಸಲ. ಸಿಮ್ ಹಾಕ್ಸುಕೆ.”

ಇಷ್ಟು ದಿನ ನಾನು ಮಾಯವಾಯಿತು ಅಂದುಕೊಂಡಿದ್ದ ಕಾಯುವಿಕೆ ಅಲ್ಲಿತ್ತು. ನಮ್ಮ ಹೆಗಲಿನಿಂದ ಇಳಿದದ್ದು ಅವನ ಹೆಗಲಿಗೆ ಹೋಗಿ ಕುಳಿತಿತ್ತು. ಅಲ್ಲಿಂದ ಕುಂದಾಪುರದ ಒಂದು ಮನೆಗೆ, ಮಗು ಎತ್ತಿಕೊಂಡ ಒಬ್ಬ ಹುಡುಗಿಯ ಸೊಂಟಕ್ಕೆ. ಕೊರಿಂತ್‌ನ ಗೋಡೆಯ ಮುಂದೆ ಬಾಯಿಗೆ ಬಾರದೆ ಉಳಿದ ಇನ್ನರ್ಧ ಇದೇ. ದಾರಿಯ ಕಷ್ಟ ಸವೆಯುವುದಿಲ್ಲ, ಕೈ ಬದಲಾಗುತ್ತದೆ. ಹಾಗೆಂದು ಆ ಹುಡುಗನ ಮುಂದೆ ಮರುಗುವುದು ನನಗೆ ಸರಿ ಕಾಣಲಿಲ್ಲ. ಈ ಕೆಲಸದಿಂದ ತಂಗಿಯ ಮದುವೆ ಮಾಡಿದ್ದಾನೆ, ಮನೆಗೆ ತಾರಸಿ ಹಾಕಿಸಿದ್ದಾನೆ. ಅದನ್ನು ಹೇಳುವಾಗ ಅವನ ಬೆನ್ನು ನೆಟ್ಟಗಿತ್ತು. ಮಗಳ ಫೋಟೋ ತೋರಿಸು ಅಂದೆ. ತೋರಿಸಿದ. ಎರಡು ಹಲ್ಲು ಬಂದಿವೆ. ಸಂಜೆಗೆ ಗಾಳಿ ಇಳಿಯಿತು, ನಾವು ಊರಿಗೆ ಇಳಿದೆವು, ಅವನು ಕೋಣೆಗಳಿಗೆ ಇಳಿದ.

ಕೊನೆಯ ಬೆಳಗ್ಗೆ ವೆನಿಸ್. ಆ ಸಲ ಅಲಾರಂ ಇಟ್ಟು ಕತ್ತಲಿರುವಾಗಲೇ ಎದ್ದು ಡೆಕ್ಕಿಗೆ ಹೋದೆ. ಎರಡು ಗಂಟೆ ಚಳಿಯಲ್ಲಿ ಕುಳಿತಿದ್ದೆ. ಮೊದಲು ಮಂಜು, ಆಮೇಲೆ ಹಿನ್ನೀರಿನಲ್ಲಿ ದಾರಿ ತೋರುವ ಮರದ ಕಂಬಗಳು, ಕಂಬದ ಮೇಲೆ ಒಂದೊಂದು ನೀರುಹಕ್ಕಿ, ಬಹಳ ಹೊತ್ತಿನ ಮೇಲೆ ಒಂದು ಗೋಪುರ. ಆ ಊರನ್ನು ನಾನು ಬರುವಾಗ ನೋಡಿದೆ.

ಒಂಬತ್ತಕ್ಕೆಲ್ಲ ನಮ್ಮನ್ನು ಧಕ್ಕೆಗೆ ಇಳಿಸಿದರು. ಹೊಸ ಪ್ರಯಾಣಿಕರು ಮಧ್ಯಾಹ್ನ ಬರುತ್ತಾರೆ. ಅಷ್ಟರೊಳಗೆ ಹಡಗು ಮತ್ತೆ ಹೊಚ್ಚಹೊಸದಾಗಬೇಕು. ಹುಡುಗ ಸಾಮಾನು ಇಳಿಸಿಕೊಟ್ಟು, “ಊರಿಗ್ ಹೋದ್ಮೇಲೆ ಮಳೆ ಹಿಡ್ದಿತಾ ಹೇಳಿ ಅಮ್ಮ” ಎಂದು ಓಡಿದ. ನಮ್ಮ ಜಲಟ್ಯಾಕ್ಸಿ ತಡವಾಯಿತು. ಇವರು ಗಡಿಯಾರ ನೋಡುತ್ತಿದ್ದರು. ನಾನು ಪೆಟ್ಟಿಗೆಯ ಮೇಲೆ ಕುಳಿತು ಹಡಗನ್ನು ನೋಡುತ್ತಿದ್ದೆ. ಒಂದೊಂದೇ ಕಿಟಕಿಯ ಪರದೆ ಸರಿಯುತ್ತಿತ್ತು, ಒಂದು ಕೈ ಬಂದು ಗಾಜು ಒರೆಸಿ ಮರೆಯಾಗುತ್ತಿತ್ತು. ಎಡದಿಂದ ಎಣಿಸಿದೆ. ನಮ್ಮದು ಏಳನೆಯದು. ಆ ಕೈ ಆಗ ನಾಲ್ಕನೆಯ ಕಿಟಕಿಯಲ್ಲಿತ್ತು.